ಹಿಕ್ಕೆಯಲ್ಲಿ ಬೀಜಕ ಸಿಕ್ಕಿತು, ಸರಿ. ಆಮೇಲೆ?

ಇಲಿಯ ಹಿಕ್ಕೆಯಲ್ಲಿ ಅಣಬೆಯ ಬೀಜಕ (ಬೀಜದ ಹಾಗೆ ಕೆಲಸ ಮಾಡುವ ಸಣ್ಣ ಕಣ) ಕಂಡರೆ ಸಾಕು, 'ಈ ಇಲಿ ಅಣಬೆ ಹರಡುತ್ತದೆ' ಅಂತ ವರದಿ ಬರೆದುಬಿಡುತ್ತಾರೆ. ಹೊಸ ವಿದ್ಯಾರ್ಥಿಗಳಷ್ಟೇ ಅಲ್ಲ, ಕಾಡಿನಲ್ಲಿ ವರ್ಷಗಟ್ಟಲೆ ಓಡಾಡಿದವರೂ. ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಬೀಜಕ ಸಿಕ್ಕಿದ್ದರಿಂದ ಗೊತ್ತಾಗುವುದು ಇಷ್ಟೇ: ಅದು ಆ ಪ್ರಾಣಿಯ ಹೊಟ್ಟೆ ಹಾದು ಬಂದಿರಬಹುದು. 'ಬಹುದು' ಅಂತ ಬೇಕೆಂದೇ ಹೇಳುತ್ತಿದ್ದೇನೆ. ಹಿಕ್ಕೆ ನೆಲಕ್ಕೆ ಬಿದ್ದು ಹಳತಾಗಿದ್ದರೆ ಗಾಳಿಯಲ್ಲಿ ತೇಲಿ ಬಂದ ಬೀಜಕಗಳೂ ಅದರ ಮೇಲೆ ಕೂತಿರುತ್ತವೆ. ಅದಕ್ಕೇ ಹಸಿ ಹಿಕ್ಕೆ ತನ್ನಿ, ಒಡೆದು ಒಳಗಿನದ್ದನ್ನು ಮಾತ್ರ ತೆಗೆಯಿರಿ ಅಂತ ಬಡಕೊಳ್ಳುವುದು. ಟ್ರಫಲ್‌ನಂಥ ಅಣಬೆಯಾದರೆ ಈ ಅನುಮಾನ ಕಡಿಮೆ. ಅದು ಮಣ್ಣಿನೊಳಗೇ ಬಲಿಯುತ್ತದೆ, ಗಾಳಿಗೆ ಬೀಜಕ ಬಿಡುವುದಿಲ್ಲ. ವಾಸನೆ ಬಿಡುತ್ತದೆ, ಯಾರಾದರೂ ಅಗೆದು ತಿನ್ನಬೇಕು. ಹಂದಿ, ನಾಯಿಗಳ ಮೂಗು ಹಿಡಿಯುವುದು ಮುಖ್ಯವಾಗಿ ಅದರಲ್ಲಿರುವ ಡೈಮೀಥೈಲ್ ಸಲ್ಫೈಡ್ ಎಂಬ ರಾಸಾಯನಿಕವನ್ನು. ಹಾಗಂತ ನರಿಯ ಮಲದಲ್ಲಿ ಟ್ರಫಲ್ ಬೀಜಕ ಸಿಕ್ಕರೆ ನರಿಯೇ ಅಗೆಯಿತು ಅನ್ನಬೇಡಿ. ಅಗೆದು ತಿಂದ ಇಲಿಯನ್ನು ಅದು ತಿಂದಿರಬಹುದು, ಅಲ್ವಾ?

ಸರಿ, ತಿಂದಿದೆ ಅಂತಲೇ ಇಟ್ಟುಕೊಳ್ಳೋಣ. ಬೀಜಕಕ್ಕೆ ಜೀವ ಇದೆಯಾ? ಒಂದು ಚೂರು ಹಿಕ್ಕೆಯನ್ನು ಗ್ಲಿಸರಿನ್ ಹನಿಯಲ್ಲಿ ಕದಡಿ, 400 ಪಟ್ಟು ದೊಡ್ಡದು ಮಾಡಿ ನೋಡಿ. ಎಲೆಯ ನಾರು, ಹುಳದ ಕಾಲು ಎಲ್ಲ ಚಿಂದಿಯಾಗಿರುತ್ತವೆ. ನಡುವೆ ಕಂದು ಬಣ್ಣದ ಟ್ರಫಲ್ ಬೀಜಕ, ಮೈತುಂಬ ಮುಳ್ಳೋ ಬಲೆಯಂಥ ಗೆರೆಯೋ ಹೊತ್ತು, ಇಡಿಯಾಗಿ ಕೂತಿರುತ್ತದೆ. ನೋಡಿದವರು ಮರುಳಾಗುವುದು ಸಹಜ, ನನಗೂ ಅದನ್ನು ನೋಡಿ ಬೇಜಾರಾಗಿಲ್ಲ. ಆದರೆ ಸತ್ತ ಬೀಜಕವೂ ಹೀಗೇ ಕಾಣುತ್ತದೆ. ಹೊರಗಿನ ಗೋಡೆ ಗಟ್ಟಿ, ಬೇಗ ಕರಗುವುದಿಲ್ಲ. ಒಳಗಿನ ಜೀವ ಬೇರೆ ವಿಷಯ. ಅದಕ್ಕೆ ಹೊಳೆಯುವ ಬಣ್ಣ ಹಾಕಿ ನೋಡುವ ಪರೀಕ್ಷೆ ಇದೆ. ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದ ಕಾಡಿನಲ್ಲಿ ನೆಲ ಕೆದರುವ ಚುಕಾವೊ, ಹುಯೆಟ್‌ಹುಯೆಟ್ ಹಕ್ಕಿಗಳ ಹಿಕ್ಕೆಯಲ್ಲಿ ಟ್ರಫಲ್ ಸಿಕ್ಕಾಗ ಸಂಶೋಧಕರು ಡಿಎನ್ಎ ನೋಡಿ ಸುಮ್ನಾಗಲಿಲ್ಲ, ಈ ಪರೀಕ್ಷೆಯನ್ನೂ ಮಾಡಿದರು. ಅದು ಪ್ರಕಟವಾದದ್ದು 2021ರಲ್ಲಿ.

ಜೀವ ಇದ್ದರೂ ಸಾಲದು. ಈ ಶಿಲೀಂಧ್ರಗಳಲ್ಲಿ ಹೆಚ್ಚಿನವು ಮರದ ಬೇರಿನ ಜೊತೆ ಕೂಡಿ ಬಾಳುವಂಥವು. ಒಪ್ಪುವ ಬೇರು ಇಲ್ಲದ ಕಡೆ ಬಿದ್ದರೆ ಏನೂ ಆಗುವುದಿಲ್ಲ. ಹಾಗಾಗಿ ಪ್ರಾಣಿ ತಿಂದ ಎಷ್ಟು ಹೊತ್ತಿಗೆ ಹಿಕ್ಕೆ ಹಾಕಿತು, ಎಲ್ಲಿ ಹಾಕಿತು ಅಂತಲೂ ನೋಡಬೇಕು. ಬಿಲದ ಸುತ್ತಲೇ ಸುತ್ತುವ ಇಲಿ ಬೇರೆ, ದೂರ ಹೋಗುವ ಜಿಂಕೆ ಬೇರೆ.

ನನಗೆ ಪೂರ್ತಿ ನಂಬಿಕೆ ಬರುವುದು ಕುಂಡದ ಪ್ರಯೋಗದಲ್ಲಿ. ಕಾಯಿಸಿ ಶುದ್ಧ ಮಾಡಿದ ಮಣ್ಣಿಗೆ ಹಿಕ್ಕೆ ಬೆರೆಸಿ ಸಸಿ ನೆಡಿ, ತಿಂಗಳುಗಟ್ಟಲೆ ಕಾದು, ಶಿಲೀಂಧ್ರ ಕೂಡಿಕೊಂಡಿದೆಯಾ ಅಂತ ಬೇರಿನ ತುದಿ ನೋಡಿ. ಹಿಕ್ಕೆ ಹಾಕದ ಕುಂಡವೂ ಪಕ್ಕದಲ್ಲಿರಲಿ. ನ್ಯೂಜಿಲೆಂಡ್‌ನಲ್ಲಿ ಕೆಂಪು ಜಿಂಕೆ ಮತ್ತು ಪಾಸಮ್ (ಮರ ಹತ್ತುವ, ಹೊಟ್ಟೆಚೀಲದ ಪ್ರಾಣಿ) ಹಿಕ್ಕೆಯಿಂದ ಪೈನ್ ಸಸಿಗಳಿಗೆ ಹೀಗೆ ಮಾಡಿದಾಗ ಬೇರಿಗೆ ಶಿಲೀಂಧ್ರ ಕೂಡಿಕೊಂಡಿತು. ಅಲ್ಲಿ ಜಿಂಕೆ, ಪಾಸಮ್, ಪೈನ್, ಶಿಲೀಂಧ್ರ ಎಲ್ಲವೂ ಹೊರಗಿನಿಂದ ಬಂದವು! ಹರಡಿದ್ದೇನೋ ನಿಜ, ಲಾಭ ಮಾತ್ರ ಅಲ್ಲಿನ ಮೂಲ ಕಾಡಿಗಲ್ಲ, ಅದರ ಜಾಗಕ್ಕೆ ನುಗ್ಗುತ್ತಿರುವ ಪೈನಿಗೆ.

"ಸಾರ್, ಸೆಮಿಸ್ಟರ್ ಮುಗಿಯೋದರೊಳಗೆ ಇದೆಲ್ಲ ಆಗಲ್ಲ" ಅಂತಾರೆ ಮಕ್ಕಳು. ನಿಜ, ಆಗಲ್ಲ. 'ಈ ಪ್ರಾಣಿ ಈ ಅಣಬೆ ತಿನ್ನುತ್ತದೆ' ಅಂತ ಬರೆದು ಕೊಡಿ. ಅದಕ್ಕೂ ಪೂರ್ತಿ ಅಂಕ ಕೊಡುತ್ತೇನೆ.