ಕುಡಿಯದ ಮಕ್ಕಳ ಲೆಕ್ಕವನ್ನೂ ಹೇಳೋಣ

ಮಾದಕ ವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ಬೆಂಗಳೂರಿನ ಶಾಲೆಗಳಲ್ಲಿ ಜಾಥಾ, ಪ್ರತಿಜ್ಞಾವಿಧಿ, ಪ್ರಬಂಧ ಸ್ಪರ್ಧೆ. ವೇದಿಕೆಯಲ್ಲಿ ಕೆಟ್ಟುಹೋದ ಯಕೃತ್ತಿನ ಚಿತ್ರ ತೋರಿಸಿ, ‘ಯುವಪೀಳಿಗೆಯೆಲ್ಲ ಕುಡಿತಕ್ಕೆ ಬಲಿಯಾಗುತ್ತಿದೆ’ ಎಂದು ಅತಿಥಿಗಳು ಮರುಗುತ್ತಾರೆ. ಪ್ರೌಢಶಾಲೆಗಳಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಆ ಮಾತೇ ಆತಂಕ ತರುತ್ತದೆ. ಹದಿನಾಲ್ಕರ ಹುಡುಗನಿಗೆ ಅದು ಎಚ್ಚರಿಕೆಯಾಗಿ ಕೇಳಿಸುವುದಿಲ್ಲ. ‘ಎಲ್ಲರೂ ಕುಡಿಯುತ್ತಾರೆ, ನಾನೊಬ್ಬನೇ ಉಳಿದಿದ್ದೇನೆ’ ಎಂದು ಕೇಳಿಸುತ್ತದೆ. 2022ರ ನವೆಂಬರ್‌ನಲ್ಲಿ ನಗರದ ಕೆಲವು ಶಾಲೆಗಳಲ್ಲಿ ಬ್ಯಾಗ್ ತಪಾಸಣೆ ನಡೆದು, ನೀರಿನ ಬಾಟಲಿಯಲ್ಲಿ ಮದ್ಯ ಸಿಕ್ಕಿತೆಂಬ ಸುದ್ದಿ ದೇಶವೆಲ್ಲ ಹರಡಿದಾಗಲೂ ಇದೇ ಆಯಿತು.

ನಿಜವಾದ ಲೆಕ್ಕ ಬೇರೆ. ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 17 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ 1.3. ಇದು ಇಡೀ ದೇಶದ, ಚಿಕ್ಕ ಮಕ್ಕಳನ್ನೂ ಸೇರಿಸಿದ ಸರಾಸರಿ. ಪಿಯುಸಿ ಹುಡುಗರನ್ನಷ್ಟೇ ಎಣಿಸಿದರೆ ಏರೀತು. ಆದರೂ ‘ಎಲ್ಲರೂ’ ಎಂಬುದು ಸುಳ್ಳು.

ಈ ಸುಳ್ಳನ್ನು ಒಡೆಯಲು ನಾನು ಭಾಷಣ ಮಾಡುವುದಿಲ್ಲ, ಚೀಟಿ ಹಂಚುತ್ತೇನೆ. ಹೆಸರು ಬೇಡ, ಎರಡೇ ಪ್ರಶ್ನೆ: ಕಳೆದ ತಿಂಗಳು ನೀನು ಕುಡಿದಿದ್ದೀಯಾ? ನಿನ್ನ ತರಗತಿಯಲ್ಲಿ ಎಷ್ಟು ಮಂದಿ ಕುಡಿದಿರಬಹುದು? ಯಾರ ಗುಟ್ಟೂ ಹೊರಬೀಳದಂತೆ ಎಲ್ಲ ವಿಭಾಗಗಳ ಚೀಟಿಗಳನ್ನು ಬೆರೆಸಿ ಎಣಿಸುತ್ತೇವೆ. ಊಹೆಯ ಸಂಖ್ಯೆ ನಿಜಕ್ಕಿಂತ ಎಷ್ಟೋ ಪಾಲು ದೊಡ್ಡದಿರುತ್ತದೆ. ಎರಡನ್ನೂ ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗ ಪಕ್ಕದವನತ್ತ ತಿರುಗಿ, “ಹಾಗಾದರೆ ಇಷ್ಟು ದಿನ ಹೇಳಿದ್ದೆಲ್ಲ ಬರೀ ಬುರುಡೆಯಾ?” ಎಂದು ಕೇಳಿದ. ಅವನು ಅಂದು ಕಲಿತದ್ದನ್ನು ಯಾವ ಭಿತ್ತಿಪತ್ರವೂ ಕಲಿಸಲಾರದು.

ಸರಕು ಮಾರುವ ಜಾಣ್ಮೆಯನ್ನೇ ಒಳ್ಳೆಯ ನಡತೆ ಬೆಳೆಸಲು ಬಳಸುವ ವಿಧಾನಕ್ಕೆ ಮಾರುಕಟ್ಟೆ ತಜ್ಞರಾದ ಫಿಲಿಪ್ ಕೋಟ್ಲರ್ ಮತ್ತು ಜೆರಾಲ್ಡ್ ಝಾಲ್ಟ್‌ಮನ್ 1971ರಲ್ಲಿ ಸೋಷಿಯಲ್ ಮಾರ್ಕೆಟಿಂಗ್ ಎಂದು ಹೆಸರಿಟ್ಟರು. ಅದು ಕೇಳುವುದೂ ಇಂಥದ್ದನ್ನೇ: ಒಳ್ಳೆಯ ನಡತೆಗೆ ಎದುರಿಗಿರುವವನು ತೆರಬೇಕಾದ ಬೆಲೆಯೇನು? ಮೂವತ್ತು ವರ್ಷದ ನಂತರದ ಕಾಯಿಲೆ ಹುಡುಗನನ್ನು ಕಾಡುವುದಿಲ್ಲ. ಎಸ್ಸೆಸ್ಸೆಲ್ಸಿಯ ಕೊನೆಯ ಪರೀಕ್ಷೆ ಮುಗಿದ ಸಂಜೆ ಗೆಳೆಯರು ‘ಅಮ್ಮನ ಮಗು’ ಎಂದು ಆಡಿಕೊಳ್ಳುವುದು ಕಾಡುತ್ತದೆ. ಹಾಗಾಗಿ ‘ಬೇಡ’ ಎನ್ನುವುದನ್ನು ಅಗ್ಗ ಮಾಡಿಕೊಡಬೇಕು. ನಿಮ್ಹಾನ್ಸ್ ಪ್ರೌಢಶಾಲೆಗಳಿಗೆ ರೂಪಿಸಿದ ಜೀವನ ಕೌಶಲ ಶಿಕ್ಷಣದಲ್ಲಿ ಉಪನ್ಯಾಸಕ್ಕಿಂತ ಅಭಿನಯ, ಗುಂಪು ಚರ್ಚೆಗಳಿಗೆ ಹೆಚ್ಚಿನ ಜಾಗವಿದೆ. ನನ್ನ ತರಗತಿಯಲ್ಲಿ ಮಕ್ಕಳು ತಾವೇ ನೆಪ ಹೊಸೆಯುತ್ತಾರೆ: “ನಾಳೆ ಬೆಳಿಗ್ಗೆ ಮ್ಯಾಚ್ ಇದೆ”, “ಅಮ್ಮ ಬಾಗಿಲಲ್ಲೇ ಬಾಯಿ ಮೂಸುತ್ತಾಳೆ”. ಎರಡನೆಯದು ಸದಾ ಗೆಲ್ಲುತ್ತದೆ. ಬರೀ ಉಪದೇಶ ಸಾಲದೆಂಬುದಕ್ಕೆ ಉದಾಹರಣೆಯೂ ಇದೆ: ಮಾದಕ ವಸ್ತುಗಳ ವಿರುದ್ಧ ಶಾಲೆಗಳಲ್ಲಿ ಪೊಲೀಸರಿಂದ ಪಾಠ ಹೇಳಿಸಿದ ಅಮೆರಿಕದ ಡೇರ್ ಕಾರ್ಯಕ್ರಮ 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ದೇಶವನ್ನೇ ಆವರಿಸಿತು. ಅದರಿಂದ ಚಟವೇನೂ ಇಳಿಯಲಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿದವು.

ಇನ್ನು ದೊಡ್ಡವರು. ನನ್ನ ಬಳಿ ಬರುವ ಮಕ್ಕಳಿಗೆ ಮೊದಲ ಗುಟುಕು ಸಿಕ್ಕಿದ್ದು ಹೆಚ್ಚಾಗಿ ಮನೆಯ ಬೀರುವಿನಿಂದ, ಇಲ್ಲವೇ ಮದುವೆ ಮನೆಯಲ್ಲಿ ದೊಡ್ಡಪ್ಪನ ಮಗನಿಂದ. ಪ್ರಚಾರದ ಹಣದ ಅರ್ಧವಾದರೂ ಇವರತ್ತ ತಿರುಗಬೇಕು. ಮಕ್ಕಳಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಪೋಷಕರ ಸಭೆಯಲ್ಲಿ ಇದನ್ನು ಹೇಳಿದರೆ ಬಹುತೇಕರಿಗೆ ಹೊಸ ಸುದ್ದಿ. ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ಹೊರಟ ರಾಜ್ಯ ಸರ್ಕಾರ 2023ರ ಜನವರಿಯಲ್ಲಿ ವಿರೋಧಕ್ಕೆ ಮಣಿದು ಹಿಂದೆ ಸರಿಯಿತು. ಆ ವಿರೋಧದ ಕಾವು ಬೀರುವಿಗೆ ಬೀಗ ಹಾಕುವುದರಲ್ಲೂ ಕಾಣಲಿ.

ಐಸ್‌ಲ್ಯಾಂಡಿನಲ್ಲಿ ಹಿಂದಿನ ತಿಂಗಳು ಕುಡಿದು ಮತ್ತೇರಿಸಿಕೊಂಡಿದ್ದ 15–16ರ ವಯಸ್ಸಿನವರು 1998ರಲ್ಲಿ ಶೇ 42 ಇದ್ದರು, 2016ರಲ್ಲಿ ಶೇ 5. ಅಲ್ಲಿ ಸಂಜೆ ಹೊತ್ತಿನ ಆಟ, ಸಂಗೀತಕ್ಕೆ ಸರ್ಕಾರ ಹಣ ಕೊಟ್ಟಿತು, ಪೋಷಕರು ಒಟ್ಟಾಗಿ ಒಪ್ಪಂದ ಮಾಡಿಕೊಂಡರು. ನಮ್ಮ ಎಷ್ಟೋ ಶಾಲೆಗಳ ಮೈದಾನಕ್ಕೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಅದನ್ನು ಏಳರವರೆಗೆ ತೆರೆದಿಡಿ ಎಂದು ನಾನು ಪ್ರತಿ ಮುಖ್ಯೋಪಾಧ್ಯಾಯರನ್ನೂ ಕೇಳುತ್ತೇನೆ.

ಮಗು ಈಗಾಗಲೇ ಕುಡಿಯುತ್ತಿದ್ದರೆ ಹೊಡೆಯಬೇಡಿ, ಶಾಲೆ ಬಿಡಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.