ಎರರ್ ಬರಲಿಲ್ಲ, ಆದರೂ ಲೆಕ್ಕ ತಪ್ಪಿದೆ

ಬಿಲ್ಲಿಂಗ್ ಸಾಫ್ಟ್‌ವೇರ್‌ನ ಡೇಟಾ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ನಲ್ಲಿ ಇರುತ್ತದೆ. ಅಕೌಂಟೆಂಟ್‌ಗೆ ರಿಪೋರ್ಟ್ ಬೇಕಾಗಿರುವುದು ಎಕ್ಸೆಲ್‌ನಲ್ಲಿ. ಇವೆರಡನ್ನೂ ಜೋಡಿಸಿಕೊಡಿ ಎಂದು ಕೇಳುವವರೇ ನನ್ನ ಹತ್ತಿರ ಜಾಸ್ತಿ. ಜೋಡಿಸುವುದು ದೊಡ್ಡ ಕೆಲಸವೇನಲ್ಲ. ಜೋಡಿಸಿದ ಮೇಲೆ ಸರಿಯಾದ ಸಾಲುಗಳು ಬರುತ್ತಿವೆಯಾ ಎಂದು ನೋಡುವುದೇ ನಿಜವಾದ ಕೆಲಸ.

ಕನೆಕ್ಷನ್ ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ. ಎಕ್ಸೆಲ್‌ಗೂ ಡೇಟಾಬೇಸ್‌ಗೂ ನಡುವೆ ಸೇತುವೆಯಾಗುವ ಓಡಿಬಿಸಿ ಡ್ರೈವರ್ 64 ಬಿಟ್, ಎಕ್ಸೆಲ್ 32 ಬಿಟ್ ಆಗಿದ್ದರೆ ಎರಡೂ ಹೊಂದುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಇಲ್ಲೊಂದು ತಮಾಷೆ ಇದೆ. ವಿಂಡೋಸ್‌ನಲ್ಲಿ 64 ಬಿಟ್ ಓಡಿಬಿಸಿ ಸೆಟ್ಟಿಂಗ್ ಇರುವುದು 'ಸಿಸ್ಟಮ್32' ಎಂಬ ಫೋಲ್ಡರ್‌ನಲ್ಲಿ, 32 ಬಿಟ್‌ನದ್ದು 'ಸಿಸ್‌ವಾವ್64'ರಲ್ಲಿ! ಹೆಸರು ನಂಬಿ ಹೋದವರು ಅರ್ಧ ದಿನ ಕಳೆದುಕೊಳ್ಳುತ್ತಾರೆ. ಇರಲಿ, ಕೆಲಸ ನಿಂತಿದೆ ಎಂದಾದರೂ ಕಣ್ಣಿಗೆ ಕಾಣುತ್ತದಲ್ವಾ? ಕ್ವೆರಿ, ಅಂದರೆ ಡೇಟಾಬೇಸ್‌ಗೆ ನಾವು ಬರೆದು ಕೇಳುವ ಪ್ರಶ್ನೆ, ಹಾಗಲ್ಲ. ತಪ್ಪು ಕೇಳಿದರೂ ಒಂದಿಷ್ಟು ಸಾಲು ತಂದು ಮುಂದಿಡುತ್ತದೆ.

ಜಾಸ್ತಿ ಎಡವಟ್ಟಾಗುವುದು ದಿನಾಂಕದಲ್ಲಿ. ವರ್ಷದ ಮಾರಾಟ ಬೇಕೆಂದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಂದು 'ಬಿಟ್ವೀನ್' ಷರತ್ತು ಹಾಕುತ್ತಾರೆ. ಆದರೆ ಬಿಲ್ ದಿನಾಂಕದ ಕಾಲಮ್ 'ಡೇಟ್‌ಟೈಮ್' ಆಗಿದ್ದರೆ ಅದರಲ್ಲಿ ಗಂಟೆ, ನಿಮಿಷವೂ ಸೇರಿರುತ್ತದೆ. ಸುಮ್ನೆ ಮಾರ್ಚ್ 31 ಎಂದರೆ ಸರ್ವರ್‌ಗೆ ಅದು ಆ ದಿನ ಶುರುವಾಗುವ ಕ್ಷಣ, ಅಂದರೆ 00:00 ಗಂಟೆ. ಬೆಳಿಗ್ಗೆ 11ಕ್ಕೆ ಹಾಕಿದ ಬಿಲ್ ಆಚೆ ಉಳಿಯಿತು. ವರ್ಷದ ಕೊನೆಯ ದಿನ ಎಂದರೆ ಗಡಿಬಿಡಿಯಲ್ಲಿ ಬಿಲ್‌ಗಳು ರಾಶಿ ಬೀಳುವ ದಿನ. ಅದೇ ಪೂರ್ತಿ ಮಾಯ.

ಇದಕ್ಕೆ ಮದ್ದು ಎಂದು ಕೆಲವರು 23:59:59.999 ಎಂದು ಬರೆಯುತ್ತಾರೆ. ಅದೂ ಸರಿಯಲ್ಲ. 'ಡೇಟ್‌ಟೈಮ್' ಮಿಲಿಸೆಕೆಂಡುಗಳನ್ನು ಸುಮಾರು ಮೂರರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ .999 ಮುಂದಿನ ದಿನದ 00:00ಕ್ಕೆ ಜಾರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಸಮಯ ಇಲ್ಲದೆ ಬರೀ ದಿನಾಂಕ ಉಳಿಸುವಂಥದ್ದಾದರೆ ಏಪ್ರಿಲ್ 1ರ ಬಿಲ್‌ಗಳೂ ಒಳಗೆ ಬಂದುಬಿಡುತ್ತವೆ. ನಾನು ಬರೆಯುವುದು ಒಂದೇ ರೀತಿ: 20240401 ಅಥವಾ ಅದಕ್ಕಿಂತ ಮೇಲೆ, 20250401ಕ್ಕಿಂತ ಕಡಿಮೆ. ಅಷ್ಟೇ.

ನಡುವೆ ಗೆರೆಯಿಲ್ಲದೆ ಯಾಕೆ ಬರೆದೆ ಗೊತ್ತಾ? ಲಾಗಿನ್‌ನ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ 2024-04-01 ಎಂಬುದನ್ನು 'ಡೇಟ್‌ಟೈಮ್' ಜನವರಿ 4 ಎಂದು ಓದುತ್ತದೆ. ಎಂಟೂ ಅಂಕಿ ಸೇರಿಸಿ ಬರೆದರೆ ಯಾವ ಭಾಷೆಯಲ್ಲೂ ಗೊಂದಲವಿಲ್ಲ.

ಎರಡನೆಯದು ಜಾಯಿನ್, ಅಂದರೆ ಎರಡು ಟೇಬಲ್‌ಗಳನ್ನು ಜೋಡಿಸುವುದು. ಬಿಲ್‌ನ ಟೇಬಲ್‌ಗೆ ಐಟಂಗಳ ಟೇಬಲ್ ಸೇರಿಸಿ ಬಿಲ್ ಮೊತ್ತ ಕೂಡಿದರೆ, ಐದು ಐಟಂ ಇರುವ ಬಿಲ್ ಐದು ಸಲ ಕೂಡುತ್ತದೆ. ಒಂದೊಂದೇ ಐಟಂ ಇರುವ ಬಿಲ್‌ಗಳಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಸಿಗುವುದೇ ಇಲ್ಲ.

ಇನ್ನು 'ನಲ್', ಅಂದರೆ ಏನೂ ತುಂಬದೆ ಬಿಟ್ಟ ಜಾಗ. ರದ್ದಾದ ಬಿಲ್ ಬೇಡ ಎಂದು 'ಕ್ಯಾನ್ಸಲ್ ಕಾಲಮ್ ವೈ ಅಲ್ಲದಿರುವುದು' ಎಂಬ ಷರತ್ತು ಹಾಕುತ್ತೀರಿ. ಆ ಕಾಲಮ್‌ನಲ್ಲಿ ಏನೂ ತುಂಬದ ಬಿಲ್‌ಗಳೂ ಬಿಟ್ಟುಹೋಗುತ್ತವೆ. ಯಾಕೆಂದರೆ ನಲ್ ಅನ್ನು ಯಾವುದಕ್ಕೆ ಹೋಲಿಸಿದರೂ ಎಸ್‌ಕ್ಯೂಎಲ್ 'ಹೌದು' ಎನ್ನುವುದಿಲ್ಲ. 'ಅಥವಾ ನಲ್ ಆಗಿದ್ದರೂ ಸರಿ' ಎಂದು ಬಿಡಿಸಿ ಹೇಳಬೇಕು.

ನಮ್ಮಂಥವರಿಗೆ ಬರುವ ತೊಂದರೆಯೂ ಒಂದಿದೆ. ಪಾರ್ಟಿ ಹೆಸರು ಕನ್ನಡದಲ್ಲಿದ್ದು, ಆ ಹೆಸರಿನಿಂದ ಹುಡುಕುವಾಗ ಕೊಟೇಶನ್ ಗುರುತಿನ ಮುಂದೆ ದೊಡ್ಡಕ್ಷರದ 'ಎನ್' ಹಾಕಲೇಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ, ಒಂದು ಸಾಲೂ ಸಿಗುವುದಿಲ್ಲ. ಪಾರ್ಟಿ ಲಿಸ್ಟ್‌ನಲ್ಲೇ ಇಲ್ಲ ಎಂದುಕೊಂಡು ಅದೇ ಹೆಸರನ್ನು ಇನ್ನೊಮ್ಮೆ ಸೇರಿಸಿದವರನ್ನು ನೋಡಿದ್ದೇನೆ.

ಫಿಲ್ಟರ್ ಎಲ್ಲಿ ಹಾಕಬೇಕು ಎಂಬುದೂ ಮುಖ್ಯ. ಎಕ್ಸೆಲ್‌ಗೆ ಡೇಟಾ ತರುವ ಪವರ್ ಕ್ವೆರಿಯಲ್ಲಿ ನೀವೇ ಎಸ್‌ಕ್ಯೂಎಲ್ ಬರೆದು, ಆಮೇಲೆ ಮೌಸ್‌ನಿಂದ ಫಿಲ್ಟರ್ ಮಾಡಿದರೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಫಿಲ್ಟರ್ ಸರ್ವರ್‌ಗೆ ಹೋಗುವುದಿಲ್ಲ. ಹತ್ತು ವರ್ಷದ ಬಿಲ್ಲೆಲ್ಲ ನೆಟ್‌ವರ್ಕ್‌ನಲ್ಲಿ ಹರಿದು ಬಂದು, ನಿಮ್ಮ ಕಂಪ್ಯೂಟರ್ ಅದನ್ನು ಜರಡಿ ಹಿಡಿಯುತ್ತದೆ. ಷರತ್ತನ್ನು ಎಸ್‌ಕ್ಯೂಎಲ್‌ನ 'ವೇರ್' ಭಾಗದಲ್ಲೇ ಬರೆಯಿರಿ. ಎಲ್ಲ ಕಾಲಮ್ ತರುವ 'ಸೆಲೆಕ್ಟ್ ಸ್ಟಾರ್' ಬಿಟ್ಟು ಬೇಕಾದ ಕಾಲಮ್‌ಗಳ ಹೆಸರು ಕೊಡಿ. ಇದೇ ಕೆಲಸದ ಹಳೆಯ ಸಾಧನವಾದ ಮೈಕ್ರೋಸಾಫ್ಟ್ ಕ್ವೆರಿ ಬಳಸುವವರು ದಿನಾಂಕದ ಜಾಗದಲ್ಲಿ ? ಇಟ್ಟು, ಅದನ್ನು ಒಂದು ಸೆಲ್‌ಗೆ ಜೋಡಿಸಬಹುದು. ಸೆಲ್ ಬದಲಾದರೆ ತಾನಾಗಿ ರಿಫ್ರೆಶ್ ಆಗುವಂತೆಯೂ ಹೊಂದಿಸಬಹುದು. ಹಳೆಯದಾದರೂ ಈ ಒಂದು ಅನುಕೂಲಕ್ಕೆ ಅದು ನನಗೆ ಇಷ್ಟ.

ಬ್ಯಾಂಕ್ ಖಾತೆಯಂಥ ಉದ್ದದ ನಂಬರ್ ಇದ್ದರೆ ಕ್ವೆರಿಯಲ್ಲೇ ಅದನ್ನು ಅಕ್ಷರದ ರೂಪಕ್ಕೆ ಬದಲಿಸಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸುತ್ತದೆ, 16ನೆಯದು ಸೊನ್ನೆಯಾಗುತ್ತದೆ.

ರಿಪೋರ್ಟ್ ಒಪ್ಪಿಸುವ ಮುಂಚೆ ನಾನು ಬಿಲ್‌ಗಳ ಸಂಖ್ಯೆ ಮತ್ತು ಒಟ್ಟು ಮೊತ್ತವನ್ನು ಸಾಫ್ಟ್‌ವೇರ್‌ನ ಸ್ವಂತ ರಿಪೋರ್ಟ್ ಜೊತೆ ತಾಳೆ ನೋಡುತ್ತೇನೆ. ಅದೂ ಮಾರ್ಚ್ ತಿಂಗಳಿನದ್ದು, ಬೇರೆ ತಿಂಗಳಿನದ್ದಲ್ಲ. ಲಾಗಿನ್‌ಗೆ ಡೇಟಾ ಓದುವ ಹಕ್ಕು ಮಾತ್ರ ಕೊಡಿಸುತ್ತೇನೆ. ಸರ್ವರ್‌ನ ಪೂರ್ತಿ ಅಧಿಕಾರವಿರುವ 'ಎಸ್ಎ' ಲಾಗಿನ್‌ನ ಪಾಸ್‌ವರ್ಡ್ ಕೊಡಲು ಮಾಲೀಕರು ತಾವಾಗಿ ಮುಂದೆ ಬಂದರೂ ಬೇಡ ಎನ್ನುತ್ತೇನೆ. ಎಕ್ಸೆಲ್‌ನ ಕನೆಕ್ಷನ್‌ನಲ್ಲಿ 'ಸೇವ್ ಪಾಸ್‌ವರ್ಡ್' ಟಿಕ್ ಮಾಡಿದರೆ ಅದು ಯಾವ ಮರೆಮಾಚುವಿಕೆಯೂ ಇಲ್ಲದೆ ಫೈಲ್‌ನೊಳಗೇ ಕೂರುತ್ತದೆ. ಆ ಫೈಲ್ ಆಡಿಟರ್‌ಗೆ, ಅಲ್ಲಿಂದ ಇನ್ನೊಬ್ಬರಿಗೆ ಮೇಲ್ ಆಗುತ್ತಲೇ ಇರುತ್ತದೆ.