ಮಜ್ಜಿಗೆ ಹುಲ್ಲು: ಎಲೆ ಬೇರೆ, ಎಣ್ಣೆ ಬೇರೆ

ಧಾರವಾಡದಲ್ಲಿ ಮಳೆ ಹಿಡಿಯಿತೆಂದರೆ ಹಿತ್ತಲಿನ ಮಜ್ಜಿಗೆ ಹುಲ್ಲಿಗೆ (ಲೆಮನ್‌ಗ್ರಾಸ್) ಕತ್ತರಿ ಬಿತ್ತೆಂದೇ ಲೆಕ್ಕ. ನೆಗಡಿಗೂ ಅದೇ ಚಹಾ, ಹೊಟ್ಟೆಯುಬ್ಬರಕ್ಕೂ ಅದೇ. ಕುಡಿಯಲು ಅಡ್ಡಿಯಿಲ್ಲ. ತಪ್ಪುವುದು ಕುದಿಸುವಲ್ಲಿ. ಈ ಹುಲ್ಲಿನ ಪರಿಮಳಕ್ಕೆ ಕಾರಣ ಸಿಟ್ರಾಲ್. ಹಬೆಯ ಜೊತೆ ಹಾರಿಹೋಗುವ ಪದಾರ್ಥ. ಪಾತ್ರೆ ತೆರೆದಿಟ್ಟು ಗಳಗಳ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಲೋಟ ಸಪ್ಪೆಯಾಗುತ್ತದೆ.

ಒಬ್ಬರಿಗೆ ಎರಡು ಹಸಿ ಎಲೆ ಸಾಕು; ಒಣಗಿದ್ದಾದರೆ ಒಂದು ಸಣ್ಣ ಚಮಚ. ಬಚ್ಚಲ ನೀರು ಹರಿಯುವ ಕಡೆ ಬೆಳೆದ ಹುಲ್ಲಾದರೆ ಬಿಡುವುದೇ ಒಳ್ಳೆಯದು. ಎಲೆ ತೊಳೆದು, ಸಣ್ಣಗೆ ಕತ್ತರಿಸಿ, ಜಜ್ಜಿ, ಒಲೆಯಿಂದ ಇಳಿಸಿದ 150 ಮಿ.ಲೀ. ಕುದಿನೀರಿಗೆ ಹಾಕಿ ಏಳೆಂಟು ನಿಮಿಷ ಮುಚ್ಚಿಡಿ. ಮುಚ್ಚಳಕ್ಕೆ ಅಂಟಿದ ಹನಿಗಳನ್ನೂ ಲೋಟಕ್ಕೇ ಬಸಿಯಿರಿ. ಎಲೆಯ ಅಂಚು ಗರಗಸದಂತಿರುವುದರಿಂದ ಚೂರು ಗಂಟಲಿಗೆ ಸಿಗದಂತೆ ಸೋಸಬೇಕು. ಒಣಗಿಸುವುದು ನೆರಳಿನಲ್ಲಿ ಮಾತ್ರ.

ಉಬ್ಬರ ಇಳಿದಂತೆ, ಗಂಟಲಿಗೆ ಹಿತವಾದಂತೆ ಅನ್ನಿಸುತ್ತದೆ. ನಿದ್ರೆ ಬರಿಸುತ್ತದೆ ಎಂಬ ಮಾತಿಗೆ ಮಾತ್ರ ಆಧಾರ ಸಾಲದು: ಬ್ರೆಜಿಲ್‌ನಲ್ಲಿ ಆರೋಗ್ಯವಂತರ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಚಹಾದಿಂದ ವಿಷಪರಿಣಾಮವೂ ಕಾಣಲಿಲ್ಲ, ನಿದ್ರೆಯ ಗುಣವೂ ಕಾಣಲಿಲ್ಲ. ಜ್ವರಕ್ಕೆ ಇದು ಬಿಸಿ ನೀರಿನಷ್ಟೇ ಆಸರೆ. ಮಳೆಗಾಲದ ಜ್ವರ ಎರಡು ದಿನ ದಾಟಿದರೆ ರಕ್ತಪರೀಕ್ಷೆ ಮಾಡಿಸಿ. ಡೆಂಗಿಯಲ್ಲಿ ಅಪಾಯ ಹೆಚ್ಚಾಗಿ ಶುರುವಾಗುವುದೇ ಜ್ವರ ಇಳಿಯುವಾಗ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಷಾಯ ಕಾಸುತ್ತ ಕೂಡಬೇಡಿ.

ದಿನಕ್ಕೆ ಒಂದೆರಡು ಕಪ್, ಅದೂ ಕೆಲವು ದಿನ. ಒಂದು ತಿಂಗಳು ದಿನವೂ ಎಲೆಪುಡಿಯ ಚಹಾ ಕುಡಿದವರಲ್ಲಿ ಮೂತ್ರಪಿಂಡದ ಸೋಸುವ ಶಕ್ತಿ ತಗ್ಗಿದ್ದನ್ನು ನೈಜೀರಿಯಾದ ಅಧ್ಯಯನವೊಂದು ದಾಖಲಿಸಿದೆ. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಔಷಧಿಯೆಂದು ಕುಡಿಯುವುದು ಬೇಡ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನುಂಗುವವರು ವೈದ್ಯರಿಗೆ ಹೇಳಿಯೇ ಶುರುಮಾಡಲಿ.

ನರ್ಸರಿಯಲ್ಲಿ ಸಿಟ್ರೊನೆಲ್ಲಾ ಹುಲ್ಲನ್ನೂ ಇದೇ ಹೆಸರಿನಲ್ಲಿ ಕೊಡುವುದುಂಟು. ಅದರ ಬುಡ ಕೆಂಪಗಿರುತ್ತದೆ. ಸೊಳ್ಳೆ ಓಡಿಸಲು ಸರಿ, ಚಹಾಕ್ಕಲ್ಲ.

ಇನ್ನು ಬಾಟಲಿಯಲ್ಲಿ ಬರುವ ಮಜ್ಜಿಗೆ ಹುಲ್ಲಿನ ಎಣ್ಣೆ. ಸಿಟ್ರಾಲ್ ಅದರಲ್ಲಿ ಬಹುಮಟ್ಟಿಗೆ ಮುಕ್ಕಾಲು ಪಾಲು. ಎರಡು ಎಲೆಯ ಬದಲು ಎರಡು ಹನಿ ಎಂಬ ಲೆಕ್ಕ ಇಲ್ಲಿ ನಡೆಯದು. ಅದನ್ನು ಕುಡಿಯುವಂತೆಯೇ ಇಲ್ಲ. ನೇರವಾಗಿ ಹಚ್ಚಿದರೆ ಚರ್ಮ ಉರಿದು ಕೆಂಪೇಳುತ್ತದೆ, ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಸಾಬೂನಿನ ಸುವಾಸನೆಗೂ ತುರಿಕೆ ಬರಬಹುದು. 10 ಮಿ.ಲೀ. ಕೊಬ್ಬರಿ ಎಣ್ಣೆಗೆ ಒಂದೇ ಹನಿ ಬೆರೆಸಿ, ಮೊಣಕೈ ಒಳಮಡಿಕೆಗೆ ಹಚ್ಚಿ ಒಂದು ದಿನ ನೋಡಿ. ಕೂಸುಗಳಿಗೆ ಹಚ್ಚಲೇಬೇಡಿ. ಮಗು ಅಕಸ್ಮಾತ್ ಎಣ್ಣೆ ಕುಡಿದರೆ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.